ನಮ್ದು ಗಟ್ಟಿ ಮೈ

ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಮೊದಲು ಕ್ಷಮೆ ಕೇಳುತ್ತೇನೆ, ಈ ಕಾಗದ ಬರೆಯುತ್ತಿರುವುದಕ್ಕೇ. ದೊಡ್ಡವರಿಗೆ ಹೀಗೆಲ್ಲ ಬರೆಯಬಾರದು ಅಂತ ನನಗೂ ಗೊತ್ತು. ಫೋನ್ ಮಾಡೋಣ ಅಂದುಕೊಂಡೆ, ನಂಬರ್ ಒತ್ತಿ ಕಟ್ ಮಾಡಿದೆ. ನೀವು ಎಂದಿನ ಹಾಗೆ ಏನೇ ಬಾಲ, ಊಟ ಆಯ್ತಾ ಅಂದುಬಿಟ್ಟರೆ ನನ್ನ ಸಿಟ್ಟೆಲ್ಲ ಕರಗಿಹೋಗುತ್ತದೆ. ಈ ಸಲ ಕರಗುವುದು ನನಗೆ ಬೇಡ. ನನ್ನ ಕನ್ನಡ ನಿಮಗೆ ಗೊತ್ತಲ್ಲ, ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷು. ಒತ್ತಕ್ಷರ ತಪ್ಪಿದ್ದರೆ ಬೈದುಕೊಳ್ಳಿ. ಅರ್ಥ ತಪ್ಪಬಾರದು ಅಂತ ಮಾತ್ರ ಹರಿದು ಹರಿದು ಮತ್ತೆ ಬರೆದಿದ್ದೇನೆ.

ಕ್ಷೇಮ ಸಮಾಚಾರ ಬರೆಯದೆ ವಿಷಯಕ್ಕೆ ಬರಬಾರದಂತೆ. ನಿಮ್ಮ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಈಗ ನನ್ನ ಪಕ್ಕದ ಮಂಚದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಾಳೆ. ತಿಂಗಳು ತಿಂಗಳೂ ಹೊಟ್ಟೆನೋವು ಅಂತ ಕ್ಲಾಸ್ ತಪ್ಪಿಸುತ್ತಿದ್ದಳು. ಮೊನ್ನೆ ನಾನೇ ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನಾನು ಹೇಗಿದ್ದೇನೆ ಅಂತ ಈ ಕಾಗದ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ಅತ್ತೆ, ಅಕ್ಕನ ಆಪರೇಷನ್ ಆದ ಮೇಲೆ ನೀವು ಆಸ್ಪತ್ರೆಗೆ ಒಂದು ಪುಟ್ಟ ಮೆತ್ತೆ ತಂದಿರಿ, ನೆನಪಿದೆಯಾ? ಸ್ತನ ತೆಗೆದ ಕಡೆ ಅಂಗಿಯೊಳಗೆ ಇಟ್ಟುಕೊಳ್ಳಲಿ ಅಂತ, ನಿಮ್ಮ ಟೈಲರಿಂಗ್ ಅಂಗಡಿಯ ಬಾಗಿಲು ಹಾಕಿಕೊಂಡು ನೀವೇ ಹೊಲಿದದ್ದು. ಅಷ್ಟು ಸಣ್ಣ ಹೊಲಿಗೆಯನ್ನು ನಾನು ನಿಮ್ಮ ಅಂಗಡಿಯಲ್ಲೂ ನೋಡಿರಲಿಲ್ಲ. ಅಕ್ಕ ಅದನ್ನು ಅಂಗೈಯಲ್ಲಿಟ್ಟು, ಭಾರ ಇದೆಯಲ್ಲ ಅಂದಳು. ನೀವು ಅವಳ ಅಂಗಿಗೆ ಗುಂಡುಸೂಜಿ ಚುಚ್ಚುತ್ತಾ ಹೇಳಿದಿರಿ:

"ತಳಕ್ಕೆ ಒಂದು ಹಿಡಿ ಕಾಳು ಹಾಕಿದೀನಿ ಕಣೇ. ಬರೀ ಹತ್ತಿ ಆದ್ರೆ ಕೈ ಎತ್ತಿದಾಗೆಲ್ಲ ಮೇಲಕ್ಕೆ ಹತ್ತುತ್ತೆ. ಕತ್ತಿನ ಹತ್ರ ಬಂದು ಗುಬ್ಬಚ್ಚಿ ಥರ ಕೂತ್ಕೊಳ್ಳುತ್ತೆ. ನಾಲ್ಕು ಜನರ ಮುಂದೆ ಕೆಳಗಿಳಿಸೋಕೂ ಆಗಲ್ಲ, ಬಿಡೋಕೂ ಆಗಲ್ಲ."

ಅಕ್ಕ ನಕ್ಕಳು. ಆಪರೇಷನ್ ಆದ ಮೇಲೆ ನಕ್ಕಿದ್ದು ಅದೇ ಮೊದಲು. ನಾನೂ ನಕ್ಕೆ. ಫ್ಲಾಸ್ಕ್ ತುಂಬಿಸಲು ಕಾರಿಡಾರಿಗೆ ಬಂದಾಗ ನನ್ನ ನಗು ನಿಂತಿತು. ಇದೆಲ್ಲ ನಿಮಗೆ ಹೇಗೆ ಗೊತ್ತು? ಯಾವುದೋ ಗಿರಾಕಿಗೆ ಹೊಲಿದು ಕೊಟ್ಟಿರಬೇಕು ಅಂದುಕೊಂಡೆ. ಆದರೆ ನಾಲ್ಕು ಜನರ ಮುಂದೆ ಪಟ್ಟ ಪಾಡನ್ನು ಯಾವ ಗಿರಾಕಿ ಟೈಲರಿಗೆ ಬಂದು ಹೇಳುತ್ತಾಳೆ? ವಾಪಸ್ ಬಂದು, ಇಂಥದ್ದನ್ನು ಮೊದಲು ಯಾರಿಗೆ ಹೊಲಿದಿದ್ದಿರಿ ಅತ್ತೆ ಅಂತ ಸುಮ್ಮನೆ ಕೇಳಿದೆ. ನಿಮ್ಮ ಕೈ ತಾನಾಗಿ ಹೋಗಿ ನಿಮ್ಮ ಅಂಗಿಯ ಎಡಗಡೆ ಸರಿಮಾಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಹೇಳಿಕೊಟ್ಟವರು ನೀವೇ.

ನಾನು ಅಪ್ಪನನ್ನು ಹಿಡಿದೆ. ಹಳೇದನ್ನೆಲ್ಲ ಯಾಕೆ ಕೆದಕುತ್ತೀಯ ಅಂದರು. ಬಿಡಲಿಲ್ಲ. ಕನ್ನಡಕ ಒರೆಸಿ ಒರೆಸಿ ಕೊನೆಗೆ ಹೇಳಿದರು. ನಿಮಗಾಗಿದ್ದು ಪಿತ್ತಕೋಶದ ಕಲ್ಲಿನ ಆಪರೇಷನ್ ಅಲ್ಲ. ಅಜ್ಜಿ ಸತ್ತದ್ದು ಹೊಟ್ಟೆಹುಣ್ಣಿನಿಂದಲ್ಲ. ತಾಯಿಗೂ ಮಗಳಿಗೂ ಒಂದೇ ರೋಗ, ಅಕ್ಕನಿಗೆ ಬಂದದ್ದೇ. ಹೆಣ್ಣುಮಕ್ಕಳಿರುವ ಮನೆ, ಸುದ್ದಿಯಾದರೆ ಯಾರು ಮದುವೆಯಾಗುತ್ತಾರೆ ಅಂತ ನೀವಿಬ್ಬರೂ ಸೇರಿ ಮುಚ್ಚಿಟ್ಟಿರಂತೆ. ಹೆಣ್ಣುಮಕ್ಕಳಿರುವ ಮನೆ ಅಂತಲೇ ಹೇಳಬೇಕಾಗಿತ್ತಲ್ಲ ಅಪ್ಪ ಅಂದೆ. ಅವರು ಮತ್ತೆ ಕನ್ನಡಕ ಒರೆಸಿದರು.

ಈಗ ಅಕ್ಕನ ಜೊತೆ ಕ್ಲಿನಿಕ್ಕಿಗೆ ಹೋದ ದಿನದ ವಿಷಯ. ಅಕ್ಕನ ಮದುವೆಯಾದ ಹೊಸತು. ಭಾವನಿಗೆ ಬಸ್ ಓಡಿಸುವ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮಗು ಆಮೇಲೆ ನೋಡೋಣ ಅಂತ ಇಬ್ಬರೂ ಅಂದುಕೊಂಡಿದ್ದರು. ಅಮ್ಮ ಆಕ್ಸಿಡೆಂಟಿನಲ್ಲಿ ಹೋದ ಮೇಲೆ ಅಮ್ಮನ ಕೆಲಸವೆಲ್ಲ ನಿಮ್ಮದೇ ಆಗಿತ್ತಲ್ಲ, ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋದಿರಿ. ನನಗೆ ಸ್ಕೂಲಿನ ರಜೆ. ಅಕ್ಕ ಹೋದಲ್ಲೆಲ್ಲ ಹೋಗುವ ಬಾಲ ನಾನು, ತೂಕ ನೋಡುವ ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಡಾಕ್ಟರಮ್ಮ ಬೀಪಿ ನೋಡಿದರು, ಸಿಗರೇಟು ಸೇದುತ್ತೀಯಾ ಅಂತ ಕೇಳಿದರು, ಅಕ್ಕ ನಾಚಿಕೊಂಡಳು. ಆಮೇಲೆ ಅಮ್ಮ, ಅಜ್ಜಿ, ಅತ್ತೆ, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ ಅಂತ ಕೇಳಿದರು. ಅಕ್ಕ ನಿಮ್ಮ ಮುಖ ನೋಡಿದಳು. ನಮ್ಮ ಮನೆಯ ಹಳೆಯ ಸಂಗತಿಯೆಲ್ಲ ನಿಮಗೇ ತಾನೇ ಗೊತ್ತಿರುವುದು?

"ನಮ್ಮನೇಲಿ ಯಾರಿಗೂ ಇಲ್ಲ ಡಾಕ್ಟ್ರೇ" ಅಂದಿರಿ ನೀವು. "ನಮ್ದು ಗಟ್ಟಿ ಮೈ."

ಡಾಕ್ಟರಮ್ಮ ಮಗು ಆಗದಿರುವ ಮಾತ್ರೆ ಬರೆದರು. ದಾರಿಯಲ್ಲಿ ನೀವು ನಮಗಿಬ್ಬರಿಗೂ ಐಸ್‌ಕ್ರೀಮ್ ಕೊಡಿಸಿದಿರಿ, ನೀವೂ ತಿಂದಿರಿ. ಅಂಗಿಯೊಳಗೆ ಒಂದು ಹಿಡಿ ಕಾಳು ಇಟ್ಟುಕೊಂಡು.

ಹಾಗಾದರೆ ಮಾತ್ರೆಯಿಂದಲೇ ಅಕ್ಕನಿಗೆ ಬಂತಾ? ಈಗ ಅವಳನ್ನು ನೋಡುತ್ತಿರುವ ಕ್ಯಾನ್ಸರ್ ಡಾಕ್ಟರನ್ನು ನಾನು ಒಬ್ಬಳೇ ಹೋಗಿ ಕೇಳಿದೆ. ಒಬ್ಬ ಹೆಂಗಸಿಗೆ ಇದರಿಂದಲೇ ಬಂತು ಅಂತ ಯಾರೂ ಹೇಳಲಾರರು ಅಂದರು. ಹಾರ್ಮೋನ್ ಮಾತ್ರೆ ನುಂಗುವಷ್ಟು ಕಾಲ ಸ್ತನದ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಏರುತ್ತದೆ, ಬಿಟ್ಟ ಮೇಲೆ ನಿಧಾನವಾಗಿ ಇಳಿಯುತ್ತದೆ. ಅದೇ ಮಾತ್ರೆ ಅಂಡಾಶಯದ ಕ್ಯಾನ್ಸರನ್ನು ಕಡಿಮೆಯೂ ಮಾಡುತ್ತದೆ. ಎಷ್ಟೋ ಹೆಂಗಸರು ನುಂಗುತ್ತಾರೆ, ಆರಾಮಾಗಿರುತ್ತಾರೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರೂ ಅದನ್ನೇ ಹೇಳುವುದು: ಏರಿತು ಅಂದ ಕೂಡಲೇ ಕಿರುಚಬೇಡಿ, ಎಷ್ಟಿದ್ದದ್ದು ಎಷ್ಟಾಯಿತು ಅಂತ ಮೊದಲು ಕೇಳಿ. ಆಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಅಜ್ಜಿಗೆ, ಅತ್ತೆಗೆ ಇಬ್ಬರಿಗೂ ಇತ್ತು ಅಂತ ಅವತ್ತೇ ಗೊತ್ತಾಗಿದ್ದರೆ ಇದು ವಂಶದಲ್ಲಿ ಇಳಿದು ಬಂದಿದೆಯಾ ಅಂತ ರಕ್ತಪರೀಕ್ಷೆ ಮಾಡಿಸುತ್ತಿದ್ದೆವು, ಮಾತ್ರೆ ಬಿಟ್ಟು ಬೇರೆ ದಾರಿ ಯೋಚಿಸುತ್ತಿದ್ದೆವು, ವರ್ಷ ವರ್ಷ ತಪಾಸಣೆಗೆ ಕರೆಯುತ್ತಿದ್ದೆವು. ಗಂಟು ಕಡಲೆಕಾಳಿನಷ್ಟಿದ್ದಾಗಲೇ ಕೈಗೆ ಸಿಗುತ್ತಿತ್ತೇನೋ.

ಹಾಗಾಗಿ ನನ್ನ ಸಿಟ್ಟು ಮಾತ್ರೆಯ ಮೇಲಲ್ಲ ಅತ್ತೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ನಾನು ಪುಕ್ಕಲಿ, ವಾರ್ಡನ್ ಕೆಮ್ಮಿದರೆ ಎದ್ದು ನಿಲ್ಲುವವಳು. ಆದರೆ ಹೋದ ರಜೆಯಲ್ಲಿ ನಿಮ್ಮ ಅಂಗಡಿಯ ಒಳಕೋಣೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದೆ. ಹೊರಗೆ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಾ ನೀವು, ಮಗು ಬೇಡ ಅಂತ ಆ ಮಾತ್ರೆ ನುಂಗಿದಳಲ್ಲ, ಮಾಡಿದ್ದುಣ್ಣೋ ಮಹಾರಾಯ, ನಾವು ಹೇಳಿದರೆ ಕೇಳಬೇಕಲ್ಲ ಅಂದಿರಿ. ಹೇಳಿದ್ದಿರಾ ಅತ್ತೆ? ಏನು ಹೇಳಿದ್ದಿರಿ?

ಆ ಮಾತು ಅಕ್ಕನ ಕಿವಿಗೂ ಮುಟ್ಟಿದೆ. ಕೂದಲು ಉದುರಿದ ತಲೆಗೆ ಬಟ್ಟೆ ಸುತ್ತಿಕೊಂಡು, ಇದು ನಾನೇ ನುಂಗಿ ತಂದುಕೊಂಡ ರೋಗ, ಕ್ಷಮಿಸಿ ಅಂತ ಭಾವನ ಹತ್ತಿರ ಕೇಳಿಕೊಳ್ಳುತ್ತಾಳೆ. ಭಾವ ಏನೂ ತೋಚದೆ ಬಸ್ಸಿನ ಕೀ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ನಾನು ನಿಜ ಹೇಳಿದರೂ ಅಕ್ಕ ನಂಬುವುದಿಲ್ಲ. ಅತ್ತೆ ಸುಳ್ಳು ಹೇಳುವವರಲ್ಲ, ನಿನಗೇನು ಗೊತ್ತು ಬಾಲ ಅಂತಾಳೆ. ಆದ್ದರಿಂದ ನೀವೇ ಹೋಗಬೇಕು. ಹಣ್ಣುಹಂಪಲು ಬೇಡ. ಕಣ್ಣೀರೂ ಬೇಡ, ಅವಳೇ ನಿಮ್ಮನ್ನು ಸಮಾಧಾನ ಮಾಡಲು ಕೂತುಬಿಡುತ್ತಾಳೆ. ಬಾಗಿಲು ಹಾಕಿ, ಅವಳ ಎದುರು ನಿಂತು, ನಿಮ್ಮ ಅಂಗಿಯ ಗುಂಡಿ ಬಿಚ್ಚಿ, ಮೆತ್ತೆ ತೆಗೆದು ಮೇಜಿನ ಮೇಲಿಡಿ. ಅವಳು ನೋಡಲಿ. ನಮ್ಮೆಲ್ಲರ ಅಳತೆ ತೆಗೆದವರು ನೀವು, ಒಂದು ಸಲ ನಿಮ್ಮ ಅಳತೆಯೂ ಆಗಲಿ.

ಇಂತಿ,
ಇನ್ನೂ ನಿಮ್ಮವಳೇ ಆದ
ಬಾಲ

ತಾ.ಕ.: ಗುಬ್ಬಿಯ ಡಾಕ್ಟರ್ ವಿಷಯ ಬರೆಯಲೋ ಬೇಡವೋ ಅಂತ ಕಾಗದ ಮಡಚಿ ಮತ್ತೆ ಬಿಚ್ಚಿದೆ. ಇಲ್ಲಿಯ ಡಾಕ್ಟರೂ ಅದೇ ಪ್ರಶ್ನೆ ಕೇಳಿದರು: ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ ಅಂತ. ಗುಬ್ಬಿ ನನ್ನ ಮುಖ ನೋಡಿದಳು. ಪಾಪ, ಅವಳ ಅಮ್ಮನಿಗೆ ಪಿತ್ತಕೋಶದ ಕಲ್ಲು, ನನ್ನ ಅಕ್ಕನಿಗೆ ಬರೀ ಸಾದಾ ಗಂಟು ಅಂತ ತಾನೇ ಅವಳಿಗೆ ಗೊತ್ತಿರುವುದು. ನನಗೆ ಎಲ್ಲವೂ ಗೊತ್ತಿತ್ತು. "ನಮ್ಮನೇಲಿ ಯಾರಿಗೂ ಇಲ್ಲ ಡಾಕ್ಟ್ರೇ, ನಮ್ದು ಗಟ್ಟಿ ಮೈ" ಅಂದೆ. ನನ್ನ ದನಿ ನಿಮ್ಮ ದನಿಯ ಹಾಗೆಯೇ ಇತ್ತು.

ಡಾಕ್ಟರು ಹೊಟ್ಟೆನೋವಿಗೆ ಅಂತ ಆ ಥರದ್ದೇ ಹಾರ್ಮೋನ್ ಮಾತ್ರೆ ಬರೆದಿದ್ದಾರೆ. ಅವಳು ಇನ್ನೂ ಶುರು ಮಾಡಿಲ್ಲ. ಮುಂದಿನ ಮುಟ್ಟಿನ ಮೊದಲ ದಿನದಿಂದ ನುಂಗಬೇಕಂತೆ, ಅದು ಈ ವಾರದ ಕೊನೆಗೆ ಬರುತ್ತದೆ. ವಾರ್ಡನ್ ಕಣ್ಣಿಗೆ ಬೀಳಬಾರದು ಅಂತ ಸ್ಟ್ರಿಪ್ಪನ್ನು ನನ್ನ ಟ್ರಂಕಿನಲ್ಲಿ, ಸಾಕ್ಸಿನೊಳಗೆ ಇಡಿಸಿದ್ದಾಳೆ. ಕೇಳಿದಾಗ ಕೊಡುತ್ತೇನೆ. ಅವಳಿಗೆ ನಿಜ ಹೇಳಬೇಕಾದವಳು ಅವಳ ಅಮ್ಮ, ನಾನಲ್ಲ.

ಒಂದೇ ಒಂದು ವಿಷಯ ಕೇಳಬೇಕಿತ್ತು. ಅವತ್ತು ಹಾಗೆ ಹೇಳಿ ಹೊರಗೆ ಬಂದ ಮೇಲೆ ಆ ಐಸ್‌ಕ್ರೀಮ್ ನಿಮ್ಮ ಗಂಟಲಲ್ಲಿ ಹೇಗೆ ಇಳಿಯಿತು? ನನಗೆ ಮೊನ್ನೆಯಿಂದ ನೀರೂ ಇಳಿಯುತ್ತಿಲ್ಲ. ಕಾಗದವನ್ನು ನಾಳೆ ಬೆಳಿಗ್ಗೆಯೇ ಕೊರಿಯರಿನಲ್ಲಿ ಹಾಕುತ್ತೇನೆ, ಮಂಗಳವಾರ ಸಿಗುತ್ತದೆ. ಬೇಗ ಉತ್ತರ ಕೊಡಿ ಅತ್ತೆ.