ಆಳೋರು ಯಾರು?

ಭಾವಾ,

ಅಲ್ಲಿ ಎಲ್ಲರೂ ಕ್ಷೇಮವೆಂದು ಭಾವಿಸಿದ್ದೇನೆ. ನಮ್ಮ ಲಾಡ್ಜಿನ ರೂಮಿಗಿರುವುದು ಒಂದೇ ಕಿಟಕಿ. ಜೊತೆಗಿರುವ ಮುದಿ ದರ್ಜಿ ಮಹಾರಾಜನಂತೆ ಅದನ್ನು ಮುಚ್ಚಿಸಿಬಿಟ್ಟಿದ್ದ. ದಮ್ಮು ಇರುವುದು ನನಗೆ, ದಮ್ಮು ತೋರಿಸುವುದು ಅವನು! ಅರಸೊತ್ತಿಗೆ ಸಾಕು, ಪ್ರಜಾಪ್ರಭುತ್ವ ಬರಲಿ ಎಂದು ಮತ ಹಾಕಿಸಿದೆ. ರೂಮಿನ ಉಳಿದಿಬ್ಬರೂ ಅವನ ಕಡೆಯೇ ಕೈಯೆತ್ತಿದರು. ಅದೇ ಮುಚ್ಚಿದ ಕಿಟಕಿ, ಈಗ ಬಹುಮತದಿಂದ!

ಇವತ್ತು ಕೆಲಸದವಳು ಬಂದಿಲ್ಲವೆಂದು ಲಾಡ್ಜಿನ ಒಡತಿ ಪೊರಕೆ ಹಿಡಿದು ಬಾಗಿಲಿಗೆ ಬಂದರು. ನಾನು ತಕ್ಷಣ ಕೇಳಿದೆ:

"ದರ್ಜಿಯಣ್ಣಾ, ಈ ರೂಮಲ್ಲಿ ಆಳೋರು ಯಾರು?"

"ನಾನೇ ಕಣಯ್ಯಾ, ಇನ್ಯಾರು?"

"ಅಮ್ಮಾ, ಆಳು ಸಿಕ್ಕಿದ! ಪೊರಕೆ ಕೊಡಿ!"

ಗುಡಿಸಿದ ಧೂಳಿಗೆ ಕೆಮ್ಮಿ ಕೆಮ್ಮಿ ಅವನೇ ಕಿಟಕಿ ತೆರೆದಿದ್ದಾನೆ. ನಾನು ದಮ್ಮಿನ ಮಾತ್ರೆ ತಪ್ಪಿಸಿಲ್ಲವೆಂದು ಅಕ್ಕನಿಗೆ ಹೇಳಿ. ಅವನ ಕೈಯಲ್ಲಿ ಪೊರಕೆ ಇರುವಾಗಲೇ ಕಿಟಕಿ ಪಕ್ಕದ ಕುರ್ಚಿ ಹಿಡಿಯಬೇಕು, ಎದ್ದೆ.

ನಿಮ್ಮ ಭಾವಮೈದ