ಅಪ್ಪನ ಗಿರಾಕಿಗಳು, ಇಲಿಯ ಗ್ರಾಹಕಗಳು

ಅಪ್ಪಾ,

ಓದಲು ನೀನಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಸಾರಿ. ಹಾಸ್ಟೆಲಿನಲ್ಲಿ ಕಲಿತ ಕನ್ನಡ, ತಪ್ಪಿದ್ದರೆ ಬೈಯಬೇಡ.

ಇವತ್ತು ಲ್ಯಾಬಿನಲ್ಲಿ ಎರಡು ಇಲಿಗಳಿಗೆ ಆಲ್ಕೋಹಾಲ್ ಕೊಟ್ಟು ಅಂಗಾತ ಮಲಗಿಸಿದ್ದರು. ಅಮಲು ಇಳಿದಂತೆ ಅವು ತಾವೇ ಮಗುಚಿಕೊಂಡು ಏಳಬೇಕು. ಒಂದಕ್ಕೆ ಮಾತ್ರ ಮೊದಲೇ ಒಂದು ಮದ್ದು ಕೊಟ್ಟಿದ್ದರು.

"ಅದು ಅಮಲು ಹೆಚ್ಚಿಸೋ ಒಂದು ಹಾರ್ಮೋನಿನ ಗ್ರಾಹಕಗಳನ್ನ ತಡೆಯುತ್ತೆ," ಎಂದರು ಮೇಷ್ಟ್ರು.

ಗ್ರಾಹಕ ಎಂದರೆ ನನಗೆ ಗೊತ್ತಿದ್ದದ್ದು ಗಿರಾಕಿ ಒಂದೇ. "ಗಿರಾಕಿಗಳನ್ನೇ ತಡೆದ್ರೆ ಬಾರ್ ನಡೆಯೋದು ಹೇಗೆ ಸರ್?" ಎಂದು ಬಾಯಿ ಜಾರಿತು. ಕ್ಲಾಸೆಲ್ಲ ಗೊಳ್ಳೆಂದಿತು.

"ಯಾರದಮ್ಮ ಬಾರು?"

ಸ್ಕೂಲಿನಿಂದಲೂ ಈ ಪ್ರಶ್ನೆಗೆ ಹೆದರಿ 'ಬಿಸಿನೆಸ್' ಎನ್ನುತ್ತಿದ್ದವಳು, ಇವತ್ತು "ನಮ್ಮಪ್ಪಂದು ಸರ್" ಎಂದುಬಿಟ್ಟೆ.

ಮೇಷ್ಟ್ರು ನಗಲಿಲ್ಲ. "ಹಾಗಾದ್ರೆ ಗ್ರಾಹಕ, ಅಂದ್ರೆ ರಿಸೆಪ್ಟರ್, ಹಾರ್ಮೋನ್ ಬಂದು ಕೂರೋ ಕುರ್ಚಿ ಅಂದ್ಕೊ. ಮದ್ದು ಮೊದಲೇ ಬಂದು ಕೂತುಬಿಟ್ರೆ?"

"ಗೊತ್ತಾಯ್ತು ಸರ್! ಯಾರಿಗಾದ್ರೂ ಜಾಸ್ತಿ ಆಗಿದ್ರೆ, ಅವರು ಕೈ ತೊಳೆಯೋಕೆ ಎದ್ದಾಗ ನಮ್ಮಪ್ಪನೇ ಹೋಗಿ ಆ ಕುರ್ಚೀಲಿ ಕೂತ್ಬಿಡೋರು!"

"ಹಾಗಾದ್ರೆ ನಿಮ್ಮಪ್ಪನೇ ಮದ್ದು ಬಿಡಮ್ಮ!"

ಮತ್ತೆ ಎಲ್ಲರೂ ನಕ್ಕರು, ಈ ಸಲ ನಾನೂ ನಕ್ಕೆ. ಅಷ್ಟರಲ್ಲಿ ಮದ್ದಿನ ಇಲಿ ಮಗುಚಿಕೊಂಡು ಎದ್ದು ಮೀಸೆ ಉಜ್ಜಿಕೊಂಡಿತು. ಇನ್ನೊಂದು ಇನ್ನೂ ಅಂಗಾತವೇ ಇತ್ತು. ಒಂದೇ ಇಲಿಯಿಂದ ಏನೂ ಪ್ರೂವ್ ಆಗಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದರೂ ನಾನು ಚಪ್ಪಾಳೆ ತಟ್ಟಿದೆ.

ತುಂಬಾ ಖುಷಿಯಾಗಿದ್ದೇನೆ ಅಪ್ಪಾ. ಒಂದೇ ಡೌಟು. ವಾಪಸ್ ಬಂದವರು ಕುರ್ಚಿಯಲ್ಲಿ ನಿನ್ನನ್ನು ನೋಡಿ ಜಗಳಕ್ಕೆ ನಿಲ್ಲುತ್ತಿದ್ದರೋ, ಸುಮ್ಮನೆ ಮನೆಗೆ ಹೋಗುತ್ತಿದ್ದರೋ? ಫ್ರೆಂಡ್ಸ್ ಕೇಳಿದರು. ಅಮ್ಮ ಹೇಳಿದ್ದಷ್ಟೇ ನನಗೆ ಗೊತ್ತು. ಬಾರಿನೊಳಗೆ ನಾನು ಕಾಲಿಟ್ಟವಳೇ ಅಲ್ಲವಲ್ಲ.

ಬೇಗ ಉತ್ತರ ಬರೆ.