ಬೀರವ್ವ ಹೊಲಿದ ಕೌದಿ

ರಾಮದುರ್ಗ
೧೮-೨-೧೯೭೪

ಪ್ರೀತಿಯ ಮಗಳು ಎಸ್ತರಳಿಗೆ,

ನಿನಗೂ ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ಪ್ರಭುವಿನ ಸಮಾಧಾನ ಸಿಗಲಿ. ಕೂಸಿಗೆ ತುಸು ಹೆಚ್ಚಾಗಿಯೇ ಸಿಗಲಿ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಅವ್ವ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರಬೇಕು. ಸಿಟ್ಟಿನಲ್ಲಿ ನೀನು ನಿಮ್ಮಪ್ಪನ ಮಗಳೇ. ಇಲ್ಲಿ ದವಾಖಾನೆಯಲ್ಲಿ ಬೀರವ್ವ ಹಾಸಿಗೆ ಹಿಡಿದಿದ್ದಳು. ಹೋದ ಮಂಗಳವಾರ ತೀರಿಕೊಂಡಳು. ಅದಕ್ಕೇ ತಡವಾಯಿತು, ಕ್ಷಮಿಸು.

ಕಟಕೋಳದ ಅವಳ ಮನೆಯಿಂದ ಯಾರೂ ಬರಲಿಲ್ಲ. ಅವಳ ಕುಷ್ಠ ವಾಸಿಯಾಗಿ ಎಷ್ಟೋ ವರ್ಷಗಳಾಗಿದ್ದವು, ಡಾಕ್ಟರರು ಕಾಗದ ಬರೆದುಕೊಟ್ಟಿದ್ದರು. ಆದರೆ ಸವೆದ ಬೆರಳು ಮತ್ತೆ ಬೆಳೆಯುವುದಿಲ್ಲವಲ್ಲ. ಮನೆಯವರು ಬೆರಳು ನೋಡಿದರು, ಕಾಗದ ನೋಡಲಿಲ್ಲ. ನಾನೇ ಅವಳಿಗೆ ಕೊನೆಯ ಸ್ನಾನ ಮಾಡಿಸಿದೆ. ಬದುಕಿದ್ದಾಗ ನೀರು ಬಿಸಿಯಾಯಿತು, ತಣ್ಣಗಾಯಿತು ಎಂದು ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು. ಆ ದಿನ ಒಂದು ಮಾತೂ ಆಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಈಗ ನಿನ್ನ ಪತ್ರದ ಮಾತಿಗೆ ಬರುತ್ತೇನೆ. ದೊಡ್ಡರೋಗದ ದವಾಖಾನೆಯ ಕೆಲಸ ಬಿಟ್ಟು ಬೈಲಹೊಂಗಲಕ್ಕೆ ಬಂದುಬಿಡು, ನಮ್ಮ ಜೊತೆಗೇ ಇರು, ಕೂಸನ್ನು ನೋಡಿಕೋ ಎಂದು ಬರೆದಿದ್ದೀಯ. ಕೆಲಸ ಬಿಡುವ ತನಕ ಕೂಸನ್ನು ನನ್ನ ಕೈಗೆ ಕೊಡುವುದು ಆಗದ ಮಾತು ಎಂದೂ ಬರೆದಿದ್ದೀಯ. ಓದಿದೆ. ಚಷ್ಮಾ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಹಾಗೇ ಬರೆದಿತ್ತು.

ಎಸ್ತರ, ನಾನು ದಿನಾ ಬೆಳಿಗ್ಗೆ ಮಾಡುವುದು ಇಷ್ಟೇ. ರೋಗಿಗಳ ಕಾಲನ್ನು ಬಿಸಿನೀರಿನಲ್ಲಿ ನೆನೆಸುತ್ತೇನೆ, ಸತ್ತ ಚರ್ಮ ತೆಗೆದು ಎಣ್ಣೆ ಹಚ್ಚುತ್ತೇನೆ, ಗಾಯವಿದ್ದರೆ ಪಟ್ಟಿ ಕಟ್ಟುತ್ತೇನೆ. ಅವರ ಕಾಲಿಗೆ ಸುಡುವುದು ತಿಳಿಯದು, ಹಾಗಾಗಿ ಮೊದಲು ನನ್ನ ಮೊಣಕೈ ಅದ್ದಿ ನೋಡುತ್ತೇನೆ. ನಮ್ಮ ಪಾದ್ರಿಯವರು ಶುಭ ಶುಕ್ರವಾರದ ಹಿಂದಿನ ದಿನ ಪಾದ ತೊಳೆಯುತ್ತಾರೆ. ಅದೂ ಮನೆಯಲ್ಲೇ ತಿಕ್ಕಿ ತೊಳೆದುಕೊಂಡು ಬಂದ ಪಾದ! ಅವರ ಎದುರಿಗೇ ಹೀಗೆಂದೆ, ನಕ್ಕರು. ನನಗೆ ಪ್ರಸಂಗ ಮಾಡಲು ಬಾರದು, ಹಾಡಿದರೆ ಜನ ಎದ್ದು ಹೋಗುತ್ತಾರೆ. ಕಾಲು ತೊಳೆಯಲು ಮಾತ್ರ ಬರುತ್ತದೆ. ಪ್ರಭುವೂ ತನ್ನ ಶಿಷ್ಯರ ಕಾಲು ತೊಳೆದನೆಂಬುದು ನೆನಪಾದಾಗಲೆಲ್ಲ ನನಗೆ ನಗು ಬರುವಷ್ಟು ಸಂತೋಷವಾಗುತ್ತದೆ. ನಿಮ್ಮಪ್ಪ ತೀರಿಕೊಂಡ ವರ್ಷ ನನ್ನನ್ನು ಬದುಕಿಸಿದ್ದು ಆ ಸಂತೋಷವೇ. ಜನ ಇದನ್ನು ಸೇವೆ, ತ್ಯಾಗ ಎಂದು ದೊಡ್ಡದು ಮಾಡುತ್ತಾರೆ. ನಾನೇನು ತ್ಯಾಗ ಮಾಡಿದೆ? ಪಡೆದುಕೊಂಡವಳು ನಾನು.

ಕೌದಿಯ ವಿಷಯವೂ ಬರೆದಿದ್ದೀಯ. ಅದು ನನ್ನದೇ ಹುಚ್ಚುತನ. ಕೂಸಿಗೆಂದು ಬೀರವ್ವ ತಾನಾಗಿ ಹೊಲಿಯಲು ಕೂತಳು. ನಿಮ್ಮಪ್ಪನ ಧೋತರ, ನಿನ್ನ ಸಾಲೆಯ ನೀಲಿ ಪರಕಾರ, ನನ್ನ ಎರಡು ಹಳೆಯ ಸೀರೆ ಕೊಟ್ಟಿದ್ದೆ. ಮೊಂಡು ಬೆರಳುಗಳ ನಡುವೆ ಸೂಜಿ ಸಿಕ್ಕಿಸಿಕೊಂಡು ಮಳೆಗಾಲವೆಲ್ಲ ಹೊಲಿದಳು. ನಾನು ಅದನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಬಿಸಿಲಿಗೆ ಒಣಗಿಸಿದೆ. ಕ್ರಿಸ್ಮಸ್ ಮುಗಿಸಿ ಸವದತ್ತಿಯ ಮೇಲೆ ನಿಮ್ಮಲ್ಲಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದವಳಿಗೂ ಬಿಚ್ಚಿ ತೋರಿಸಿದ್ದೆ. ನಿಮ್ಮ ಮನೆಯಲ್ಲೂ ಯಾರು ಹೊಲಿದದ್ದೆಂದು ಹೆಮ್ಮೆಯಿಂದ ಹೇಳಿಬಿಟ್ಟೆ. ನಿಮ್ಮ ಅತ್ತೆಯವರು, "ಛಂದ ಐತ್ರಿ, ಬೀಗತಿ" ಎಂದು ಸುಮ್ಮನಾದರು. ಬಾಯಿ ಬಿಗಿಹಿಡಿಯುವುದು ನನಗೆ ಎಂದೂ ಬಂದಿಲ್ಲ.

ಅತ್ತೆಯವರು ಅದನ್ನು ಬಚ್ಚಲ ಒಲೆಗೆ ಹಾಕಿದರು, ನೀನು ಬೇಡವೆಂದು ಅತ್ತರೂ ಕೇಳಲಿಲ್ಲ ಎಂದು ಬರೆದಿದ್ದೀಯ. ಅದಕ್ಕಾಗಿ ಮನೆಯಲ್ಲಿ ಜಗಳ ತೆಗೆಯಬೇಡ. ಹೆದರಿಕೆ ಯಾರಿಗಿಲ್ಲ? ಬಾಳುವ ಮನೆ ಅದು.

ಬೀರವ್ವನಿಗೆ ಮಾತ್ರ ನಿಜ ಹೇಳಲಾಗಲಿಲ್ಲ. ಜ್ವರದಲ್ಲೂ ಕೇಳುತ್ತಿದ್ದಳು.

"ಅಕ್ಕಾರ, ಮಮ್ಮಗ ಕೌದ್ಯಾಗ ಬೆಚ್ಚಗ ಮಲಗತಾನೇನ್ರಿ?"

"ಮಲಗತಾನವಾ. ಅದನ್ನ ತಗದ್ರ ಅಳತಾನಂತ."

"ಹಂಗಾರ ಒಂದು ಮನ್ಯಾಗರ ನನ್ನ ಒಳಗ ಕರಕೊಂಡ್ರು ಅಂದಂಗಾತು ನೋಡ್ರಿ."

ಹೀಗೆಂದು ಗೋಡೆಯ ಕಡೆ ಹೊರಳಿ ಮಲಗಿದಳು. ಮರುದಿನ ಮಾತು ನಿಂತಿತ್ತು. ನಾನು ಅಂದದ್ದು ಸುಳ್ಳು. ಪ್ರಭುವಿನ ಮುಂದೆ ಅದಕ್ಕೆ ನಾನೇ ಜವಾಬು ಕೊಡುತ್ತೇನೆ.

ಹಾಗಾದರೆ ನನ್ನ ಉತ್ತರ ಇದು, ಮಗಳೇ. ನಾನು ಬರುವುದಿಲ್ಲ. ಕೂಸಿನ ಆಸೆ ಇಲ್ಲವೆಂದಲ್ಲ. ರಾತ್ರಿ ಮಲಗಿದರೆ ತೋಳು ಬರಿದು ಬರಿದು ಅನ್ನಿಸುತ್ತದೆ. ಆದರೆ ಬೀರವ್ವನ ಹಾಸಿಗೆಗೆ ನಿನ್ನೆ ಸುರೇಬಾನದ ಪದ್ಮವ್ವ ಬಂದಿದ್ದಾಳೆ, ನಿನ್ನ ವಯಸ್ಸಿನವಳು. ಮೊಲೆ ಬಿಡದ ಕೂಸನ್ನು ಅವಳ ಅತ್ತೆ ಕಸಿದುಕೊಂಡು ಇವಳನ್ನು ಹೊರಗೆ ಹಾಕಿದ್ದಾರೆ. ಕಾಲು ಚಾಚು ಅಂದರೆ ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ. "ನಿಮಗ ಹೇಸಿಗಿ ಬರೂದಿಲ್ಲೇನ್ರಿ?" ಎಂದು ಕೇಳಿದಳು. ಅವಳನ್ನು ಬಿಟ್ಟು ಬಂದು, ತೊಳೆದು ಶುದ್ಧ ಮಾಡಿಕೊಂಡ ಕೈಯೆಂದು ನಿನ್ನ ಮುಂದೆ ಚಾಚಲೇ? ಅದು ನನ್ನಿಂದಾಗದು.

ಈ ಕೆಲಸದಲ್ಲಿ ಮೊದಲಿನ ಸಂತೋಷ ಈಗ ಇಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಪ್ರಭು ಮತ್ತೆ ಕೊಟ್ಟಾನು. ಕೊಡದಿದ್ದರೂ ಬೆಳಿಗ್ಗೆ ನೀರು ಕಾಯಿಸಲೇಬೇಕು.

ದೇವರು ನಿನ್ನನ್ನೂ ಅಳಿಯಂದಿರನ್ನೂ ಕಾಯಲಿ. ಕೂಸಿನ ನೆತ್ತಿಗೆ ಚೆನ್ನಾಗಿ ಎಣ್ಣೆ ಒತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತು ನಿನ್ನ ಅವ್ವ,
ಸಲೋಮಿ

ತಾಜಾಕಲಂ: ಬರೆಯಬಾರದೆಂದಿದ್ದೆ. ನಾನು ಕೌದಿ ತಂದ ಆ ಸಂಜೆ ನಿಮ್ಮ ಅತ್ತೆಯವರು ಪಡಸಾಲೆಯಲ್ಲಿ ನನ್ನ ಜೊತೆ ಚಹಾ ಕುಡಿಯುತ್ತ ಕೂತಿದ್ದರು, ಎದ್ದಿರಲೇ ಇಲ್ಲ. ಕಪ್ಪು ತೊಳೆಯೋಣವೆಂದು ಹಿತ್ತಲಿಗೆ ಬಂದವಳು ನಾನು. ಬಚ್ಚಲ ಒಲೆಯ ಮುಂದೆ ನೀನೊಬ್ಬಳೇ ಇದ್ದೆ. ಕೌದಿಯನ್ನು ಇಕ್ಕಳದಿಂದ ಹಿಡಿದು ಬೆಂಕಿಗೆ ತಳ್ಳುತ್ತಿದ್ದೆ, ಕೈಯಿಂದ ಮುಟ್ಟಲಿಲ್ಲ. ನಾನು ಸದ್ದು ಮಾಡದೆ ಹಿಂದಕ್ಕೆ ಹೋದೆ. ನೀನು ಹೆದರಿದ್ದು ಬೀರವ್ವನ ಕೈಗೋ ನನ್ನ ಕೈಗೋ, ಅದೊಂದನ್ನು ಮಾತ್ರ ನನಗೆ ಎಂದೂ ಬರೆಯಬೇಡ.